ಹಿತ್ತಲ ಗಿಡವೂ ಹಿತ್ತಲ ಕೋಳಿಯೂ

(ಬಾನುಲಿ ಭಾಷಣ)



'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾನು ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ತರಗತಿಗಳಲ್ಲಿ ವಿವರಿಸಿದ್ದೇನೆ. ಕೈಗೆಟುಕುವುದನ್ನು ಕಡೆಗಣಿಸಿ ದೂರದ್ದಕ್ಕೆ ಹಂಬಲಿಸುವ ಮನುಷ್ಯಸ್ವಭಾವವನ್ನು ಕುರಿತು ನಮ್ಮ ಹಿರಿಯರು ಆಡಿದ ಕಟಕಿ ಇದು ಎಂದು ಹೇಳಿ, ಹುಡುಗರಿಂದ ಟಿಪ್ಪಣಿ ಬರೆಸಿ, ಮುಂದಿನ ಗಾದೆಗೆ ಹೋಗುತ್ತಿದ್ದೆ. ನಿವೃತ್ತನಾಗಿ ಹುಟ್ಟೂರಾದ ಮಾದಾಪುರಕ್ಕೆ ಹಿಂದಿರುಗಿ, ಹಿತ್ತಲೊಂದು ನಿಜವಾಗಿಯೂ ನನ್ನ ಪಾಲಿಗೆ ಬಂದ ಮೇಲೆ, ಆ ಗಾದೆಗೆ ನಾನು ಹೇಳುತ್ತಿದ್ದ ಅರ್ಥ ಅರ್ಧ ಮಾತ್ರವೆಂದು ತಿಳಿಯಿತು. ಉಳಿದರ್ಧವನ್ನು ನನಗೆ ಕಲಿಸಿದವು ಕೆಲವು ನಾಟಿ ಕೋಳಿಗಳು. ಆ ಪಾಠಕ್ಕೆ ಬೆಲೆ ತೆತ್ತವನು ನಾನೊಬ್ಬನೇ ಅಲ್ಲ. ಅದನ್ನೇ ಈ ಹೊತ್ತು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದಿದ್ದೇನೆ.

ಮಾದಾಪುರವು ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ, ಹಾರಂಗಿಯನ್ನು ಕೂಡುವ ಹೊಳೆಯೊಂದರ ಮಗ್ಗುಲಲ್ಲಿರುವ ಸಣ್ಣ ಊರು. ಸುತ್ತಲೂ ಕಾಫಿಯ ತೋಟ, ನೆರಳುಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಇಂಥ ಸೀಮೆಯಲ್ಲಿ ದೊಡ್ಡ ಐನ್‌ಮನೆಯಿರಲಿ, ತೋಟದ ಕೂಲಿಕಾರರ ಸಾಲುಮನೆಯಿರಲಿ, ಅಂಗಳದಲ್ಲಿ ನಾಲ್ಕು ಕೋಳಿ ಕೆದಕದ ಮನೆ ಅಪರೂಪ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಕೋಳಿ. ಬಾಣಂತಿಯ ಪಥ್ಯಕ್ಕೆ ಕೋಳಿ. ಮಗುವಿನ ಪಟ್ಟಿ ಪುಸ್ತಕಕ್ಕೆ ಮೊಟ್ಟೆಯ ಕಾಸು. ಕಾಫಿ ಮಾರಿದ ಹಣ ಮನೆಯ ಯಜಮಾನನ ಲೆಕ್ಕಕ್ಕೆ ಹೋಗುತ್ತದೆ. ಮೊಟ್ಟೆ ಮಾರಿದ ಹಣ ಹೆಂಗಸಿನ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಕೋಳಿಯ ರೋಗವನ್ನು ಕುರಿತು ಮಾತನಾಡುವಾಗ ನಾವು ನೆನಪಿನಲ್ಲಿಡಬೇಕಾದ ಮೊದಲ ಸಂಗತಿ ಇದು.

ನಮ್ಮ ಹಿಂದಿನವರು ಪಶುವೈದ್ಯವನ್ನು ಅಲಕ್ಷಿಸಿದವರಲ್ಲ. ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆಯೇ ಚಾಳುಕ್ಯ ವಂಶದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದ. ಮದ್ದೂ ಮಂತ್ರವೂ ಕಲೆತ ಗ್ರಂಥ ಅದು. ಕುದುರೆಗಳ ಚಿಕಿತ್ಸೆಯನ್ನು ಕುರಿತು ಅಭಿನವಚಂದ್ರನು ಬರೆದ. ಹಸು ದೇವತೆ, ಕುದುರೆ ರಾಜರ ವಾಹನ. ಆದುದರಿಂದ ಅವುಗಳ ವೈದ್ಯ ಓಲೆಗರಿಗೆ ಏರಿತು. ಕೋಳಿಯ ವೈದ್ಯ ಮಾತ್ರ ಅಡಿಗೆಮನೆಯಲ್ಲಿ, ಅರೆಯುವ ಕಲ್ಲಿನ ಮೇಲೆ, ತಾಯಿಯಿಂದ ಮಗಳಿಗೆ ಬಾಯಿಮಾತಾಗಿ ಇಳಿದು ಬಂತು. ಊರಿಗೆ ಬಂದ ಹೊಸದರಲ್ಲಿ ನಾನು ಮಾಡಿದ ಕೆಲಸವೆಂದರೆ, ನನ್ನ ತಾಯಿ ಮಾಡುತ್ತಿದ್ದುದನ್ನು ನೆನಪು ಮಾಡಿಕೊಂಡು, ನೆರೆಹೊರೆಯ ಹಿರಿಯ ಹೆಂಗಸರನ್ನು ಕೇಳಿ, ಆ ಅಲಿಖಿತ ಗ್ರಂಥವನ್ನು ನೋಟುಪುಸ್ತಕವೊಂದಕ್ಕೆ ಇಳಿಸಿದ್ದು. ಅದರಲ್ಲಿ ಬಹುಪಾಲು ಇಂದಿಗೂ ನಿಲ್ಲತಕ್ಕ ವಿವೇಕವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮಳೆಗಾಲದ ಮಾತನ್ನೇ ತೆಗೆದುಕೊಳ್ಳಿ. ಗೂಡಿನ ನೆಲ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ಹಿಡಿಯುತ್ತದೆ. ಕಣ್ಣಿಗೆ ಕಾಣದ ಏಕಕೋಶ ಜೀವಿಯೊಂದು ಹಿಕ್ಕೆಯೊಡನೆ ಹೊರಬಿದ್ದು, ಬೆಚ್ಚಗೆ ತೇವವಾಗಿರುವ ನೆಲದಲ್ಲಿ ಒಂದೆರಡು ದಿನಗಳಲ್ಲಿ ಬಲಿತು, ಕೆದಕಿ ತಿನ್ನುವ ಮರಿಗಳ ಕರುಳನ್ನು ಸೇರುವುದೇ ಇದಕ್ಕೆ ಕಾರಣ. ನನ್ನ ತಾಯಿಗೆ ಏಕಕೋಶ ಜೀವಿಯ ಸುದ್ದಿ ತಿಳಿಯದು. ಆದರೆ ಆಕೆ ಗೂಡನ್ನು ನೆಲದಿಂದ ಮೇಲಕ್ಕೆತ್ತಿ ಕಟ್ಟಿಸಿದ್ದಳು. ಭತ್ತದ ಹೊಟ್ಟನ್ನು ದಪ್ಪನಾಗಿ ಹರಡಿ, ತೇವ ಕಂಡಲ್ಲಿ ಬದಲಾಯಿಸುತ್ತಿದ್ದಳು. ಮರಿಗಳನ್ನು ಒಲೆಯ ಮಗ್ಗುಲಲ್ಲಿ ಕುಕ್ಕೆಯಡಿ ಇರಿಸುತ್ತಿದ್ದಳು. ಕೋಳಿಹೇನಿಗೆ ಒಲೆಯ ಬೂದಿ. ಅಂಗಳದ ಮೂಲೆಯಲ್ಲಿ, ಮಾಡಿನ ಕೆಳಗೆ, ಒಣ ಮಣ್ಣಿಗೆ ಬೂದಿ ಬೆರೆಸಿಟ್ಟರೆ ಕೋಳಿ ತಾನೇ ಹೋಗಿ ಹೊರಳಾಡಿ ಮೈಯನ್ನು ಶುದ್ಧಿ ಮಾಡಿಕೊಳ್ಳುತ್ತದೆ. ಕಾವಿಗೆ ಕೂತ ಹೇಟೆ ಇಪ್ಪತ್ತೊಂದು ದಿನ ಗೂಡು ಬಿಟ್ಟೇಳದೆ ಇರುವುದರಿಂದ ಹೇನಿನ ಕಾಟ ಹೆಚ್ಚು. ಅದರ ಬುಡಕ್ಕೆ ಲಕ್ಕಿಸೊಪ್ಪು. ಬೇವು ನಮ್ಮ ಮಳೆಸೀಮೆಯ ಮರವಲ್ಲ; ಪಿರಿಯಾಪಟ್ಟಣದ ಕಡೆಗೆ ಹೋದವರು ತಂದುಕೊಟ್ಟರೆ ಅದೂ ಆಗಬಹುದು. ಗಿಡುಗನ ಉಗುರಿನಿಂದ ತಪ್ಪಿಸಿಕೊಂಡು ಬಂದ ಕೋಳಿಯ ಗಾಯಕ್ಕೆ ತೆಂಗಿನೆಣ್ಣೆಯಲ್ಲಿ ಕಲಸಿದ ಅರಿಶಿನ. ಇವೆಲ್ಲವೂ ಕಾಸಿಲ್ಲದ ಮದ್ದುಗಳು; ಇವನ್ನು ನಾನು ಇಂದಿಗೂ ಬಿಟ್ಟಿಲ್ಲ.

ಇನ್ನು ತವುಡಿನ ವಿಷಯ. ಅಕ್ಕಿಯ ತವುಡನ್ನು ಗಂಜಿನೀರಿನಲ್ಲಿ ಕಲಸಿ ಕೋಳಿಗೆ ಹಾಕುವುದು ನಮ್ಮಲ್ಲಿ ಅನಾದಿಯ ಪದ್ಧತಿ. ಈ ತವುಡಿನ ಮಹಿಮೆ ಲೋಕಕ್ಕೆ ತಿಳಿದದ್ದು ಕೋಳಿಗಳಿಂದಲೇ ಎಂಬುದು ಸ್ವಾರಸ್ಯದ ಸಂಗತಿ. 1890ರ ಸುಮಾರಿಗೆ ಜಾವಾ ದ್ವೀಪದಲ್ಲಿ ಕ್ರಿಶ್ಚಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯನು ಬೆರಿಬೆರಿ ರೋಗದ ಮೂಲವನ್ನು ಹುಡುಕುತ್ತಿದ್ದ. ಅವನ ಪ್ರಯೋಗಶಾಲೆಯ ಕೋಳಿಗಳಿಗೆ ಕಾಲುಗಳ ಶಕ್ತಿಯುಡುಗಿ, ನಿಲ್ಲಲಾರದಂಥ ಕಾಯಿಲೆ ಬಂತು. ಸ್ವಲ್ಪ ಕಾಲದ ಬಳಿಕ ತಾನಾಗಿ ವಾಸಿಯೂ ಆಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕಾಯಿಲೆಯ ಕಾಲದಲ್ಲಿ ಅವಕ್ಕೆ ಸೈನಿಕರ ಆಸ್ಪತ್ರೆಯಲ್ಲಿ ಮಿಕ್ಕ ಪಾಲಿಷ್ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾರೆನೆಂದ ಮೇಲೆ ತವುಡು ತೆಗೆಯದ ಅಕ್ಕಿಗೆ ತಿರುಗಿದ್ದರು. ಆ ಅಡಿಗೆಯವನ ಹಟದಿಂದ ತೆರೆದ ದಾರಿ ಮುಂದೆ ಜೀವಸತ್ವಗಳ ಶೋಧಕ್ಕೆ ಒಯ್ದಿತು. 1929ರಲ್ಲಿ ಐಕ್‌ಮನ್‌ನಿಗೆ ನೊಬೆಲ್ ಪಾರಿತೋಷಕ ದೊರಕಿತು. ಇದನ್ನು ಓದಿದ ದಿನ ನಾನು ಹಿತ್ತಲಿಗೆ ಹೋಗಿ, ತವುಡು ಮೆಲ್ಲುತ್ತಿದ್ದ ನಮ್ಮ ಕೋಳಿಗಳನ್ನು ಹೊಸ ಗೌರವದಿಂದ ನೋಡಿದೆ.

ಮನೆಮದ್ದಿನ ಮೇಲೆ ನನ್ನ ಒಲವು ಬೆಳೆಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಅಂಗಡಿಯ ಔಷಧದ ಮೇಲಿನ ಭಯ. ಆ ಭಯ ಪೂರ್ತಿ ನಿರಾಧಾರವಲ್ಲ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಸಂಶೋಧಕರು, ಆರಿಯೋಮೈಸಿನ್ ಎಂಬ ಜೀವಾಣುನಾಶಕವನ್ನು ತಯಾರಿಸಿ ಉಳಿದ ಚರಟವನ್ನು ಮೇವಿಗೆ ಬೆರೆಸಿದರೆ ಕೋಳಿಮರಿಗಳು ಬೇಗ ಬೆಳೆಯುವುದನ್ನು ಕಂಡರು. ಅಂದಿನಿಂದ ರೋಗವಿಲ್ಲದ ಕೋಳಿಗೂ ದಿನನಿತ್ಯ ಔಷಧ ತಿನ್ನಿಸುವ ರೂಢಿ ಜಗತ್ತಿನಲ್ಲಿ ಹಬ್ಬಿತು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ತನ್ನ ನೊಬೆಲ್ ಉಪನ್ಯಾಸದಲ್ಲಿಯೇ, ಸಾಲದ ಪ್ರಮಾಣದಲ್ಲಿ ಔಷಧ ಕೊಟ್ಟರೆ ರೋಗಾಣುಗಳು ಅದಕ್ಕೆ ಒಗ್ಗಿಹೋಗುತ್ತವೆಂದು ಎಚ್ಚರಿಸಿದ್ದ. ಐರೋಪ್ಯ ಒಕ್ಕೂಟವು 2006ರ ಆರಂಭದಿಂದ, ಬೆಳವಣಿಗೆಗಾಗಿ ಮೇವಿಗೆ ಜೀವಾಣುನಾಶಕ ಬೆರೆಸುವುದನ್ನು ನಿಷೇಧಿಸಿತು. ಮನುಷ್ಯರ ಚಿಕಿತ್ಸೆಯಲ್ಲಿ ಬೇರೆಲ್ಲವೂ ಸೋತಾಗ ಕೊನೆಯ ಆಸರೆಯೆನಿಸಿದ ಕೊಲಿಸ್ಟಿನ್ ಎಂಬ ಔಷಧವನ್ನು ನಮ್ಮ ದೇಶದಲ್ಲಿ ಕೋಳಿ ಮುಂತಾದ ಆಹಾರಪ್ರಾಣಿಗಳಿಗೆ ಕೊಡಕೂಡದೆಂದು ಸರ್ಕಾರ ಆಜ್ಞೆ ಮಾಡಿದ್ದು 2019ರ ಜುಲೈ ತಿಂಗಳಲ್ಲಿ. ಇಷ್ಟನ್ನು ತಿಳಿದವನು, ನನ್ನ ಅಂಗಳಕ್ಕೆ ಸೀಸೆ ಸೂಜಿಗಳು ಬೇಡವೇ ಬೇಡ ಎಂದು ನಿಶ್ಚಯಿಸಿದರೆ ತಪ್ಪೆ? ತಪ್ಪೆಂದು ಆಗ ನನಗೆ ಹೊಳೆಯಲಿಲ್ಲ. ರೋಗಾಣುವನ್ನು ಕೊಲ್ಲುವ ಔಷಧ ಬೇರೆ, ರೋಗ ಬಾರದಂತೆ ಮೈಯನ್ನು ಮೊದಲೇ ಸಜ್ಜುಗೊಳಿಸುವ ಲಸಿಕೆ ಬೇರೆ. ಎರಡನ್ನೂ ನಾನು ಒಂದೇ ಗಂಟಿನಲ್ಲಿ ಕಟ್ಟಿ ಆಚೆಗೆಸೆದಿದ್ದೆ.

ಈ ನಡುವೆ ನನಗೊಂದು ಅಗ್ಗದ ಜಯ ದೊರಕಿತು. ಒಂದು ವರ್ಷ ಊರಿನ ಕೋಳಿಗಳಿಗೆ ಸಿಡುಬು ಬಂತು. ಜುಟ್ಟಿನ ಮೇಲೂ ಕಣ್ಣಿನ ಸುತ್ತಲೂ ಕಪ್ಪು ಕಜ್ಜಿ. ನಾನು ಅರಿಶಿನವನ್ನೂ ಬೇವಿನ ಎಲೆಯನ್ನೂ ಅರೆದು ಹಚ್ಚಿದೆ. ಮೆಣಸು, ಜೀರಿಗೆ, ಬೆಳ್ಳುಳ್ಳಿ, ನೆಲನೆಲ್ಲಿಗಳನ್ನು ಅರೆದು ಗುಳಿಗೆ ಕಟ್ಟಿ ನುಂಗಿಸಿದೆ. ತಿಂಗಳೊಳಗೆ ಕಜ್ಜಿ ಉದುರಿ ಕೋಳಿಗಳು ಚೇತರಿಸಿಕೊಂಡವು. 'ಮೇಷ್ಟ್ರ ಮದ್ದು' ಎಂಬ ಹೆಸರು ಹಬ್ಬಿತು. ಬೆಳಗಾದರೆ ಕಂಕುಳಲ್ಲಿ ಕೋಳಿ ಹಿಡಿದವರು ಜಗಲಿಯಲ್ಲಿ ಕಾಯತೊಡಗಿದರು. ಚರ್ಮಕ್ಕಷ್ಟೇ ಸೀಮಿತವಾದ ಸಿಡುಬು ಮೂರು ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ತಾನೇ ಮಾಯುತ್ತದೆ ಎಂಬುದು ಆಗ ನನಗೆ ತಿಳಿಯದು. ಅರಿಶಿನವು ಹುಣ್ಣು ಕೆರಳದಂತೆ ಕಾದಿರಬಹುದು. ವಾಸಿ ಮಾಡಿದ್ದು ಕೋಳಿಯ ಮೈ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಮುದುಕಿಯ ಕಥೆಯನ್ನು ತಾವೆಲ್ಲ ಬಾಲ್ಯದಲ್ಲಿ ಕೇಳಿದ್ದೀರಿ. ಕನ್ನಡ ಎಂ.ಎ. ಪದವಿ ಪಡೆದ ಮುದುಕನೊಬ್ಬ ಅದೇ ಭ್ರಮೆಗೆ ಬಿದ್ದಿದ್ದ ಎಂದಷ್ಟೇ ಹೇಳಬಲ್ಲೆ.

ಈಗ ನಮ್ಮ ನೆರೆಮನೆಯ ಹೆಂಗಸಿನ ಮಾತನ್ನು ಹೇಳಬೇಕು. ಆಕೆ ನನಗಿಂತ ನಾಲ್ಕೈದು ವರ್ಷ ದೊಡ್ಡವರು; ಅಕ್ಕ ಎಂದೇ ಕರೆಯುತ್ತೇನೆ. 2018ರ ಆಗಸ್ಟ್ ತಿಂಗಳಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರುಗಳ ಸುತ್ತಣ ಬೆಟ್ಟಗಳು ಜರಿದುಬಿದ್ದ ಸುದ್ದಿಯನ್ನು ತಾವು ಮರೆತಿರಲಾರಿರಿ. ಆ ಮಳೆಯಲ್ಲಿ ಅಕ್ಕನ ತೋಟವಿದ್ದ ಇಳಿಜಾರು ಹೊಳೆಗೆ ಸೇರಿತು. ಮನೆ ಬಿರುಕು ಬಿಟ್ಟು ವಾಸಕ್ಕಿಲ್ಲದಂತಾಯಿತು. ಕೆಲವು ಕಾಲ ಪರಿಹಾರ ಕೇಂದ್ರದಲ್ಲಿದ್ದು, ಬಳಿಕ ಬಂಧುಗಳ ಈ ಸಣ್ಣ ಮನೆಗೆ ಬಂದರು. ಬಂದ ಮೂರನೆಯ ದಿನ ಮಂಕರಿಯಲ್ಲಿ ಎರಡು ಹೇಟೆಗಳನ್ನು ತಂದರು. 'ಅಂಗಳದಲ್ಲಿ ಕೋಳಿ ಇಲ್ಲದಿದ್ರೆ ಇದು ನನ್ನ ಮನೆ ಅನ್ನಿಸೋದಿಲ್ಲ, ಮೇಷ್ಟ್ರೇ' ಎಂದರು. ಆ ಎರಡು ಹನ್ನೆರಡಾದವು. ಮೊಟ್ಟೆಯ ಕಾಸಿನಿಂದ ಆಕೆ ತಮ್ಮ ಗುಳಿಗೆ, ಕಾಫಿಪುಡಿ, ಮೊಮ್ಮಗಳ ಬಸ್ಸಿನ ಖರ್ಚು ಇವನ್ನು ತೂಗಿಸುತ್ತಿದ್ದರು.

2022ರ ಬೇಸಿಗೆಗೆ ಮುಂಚೆ ಪಶುವೈದ್ಯ ಇಲಾಖೆಯ ನೌಕರರೊಬ್ಬರು ಬಂದು, ಕೊಕ್ಕರೆ ರೋಗಕ್ಕೆ ಲಸಿಕೆ ಹಾಕುತ್ತೇವೆ, ನಿಮ್ಮ ಓಣಿಯವರು ಒಂದೇ ದಿನ ಎಲ್ಲರ ಕೋಳಿಗಳನ್ನೂ ಹಿಡಿದಿಡಬೇಕು ಎಂದು ವಿನಯದಿಂದ ಹೇಳಿದರು. ನಾನು ನಗುತ್ತಾ, ನಮ್ಮದು ಸಹಜ ಸಾಕಣೆ, ನಮಗೆ ಬೇಡ ಎಂದೆ. ಅಕ್ಕ ಬೇಲಿಯಾಚೆ ನಿಂತು ಕೇಳಿಸಿಕೊಂಡು, 'ಮೇಷ್ಟ್ರಿಗೆ ಬೇಡವಾದ್ರೆ ನನಗೂ ಬೇಡ' ಎಂದರು. ಉಳಿದವರೂ ಹಾಗೆಯೇ ಅಂದರು. ಓದಿದವನೊಬ್ಬನ ಅಲ್ಲಗಳೆಯುವ ನಗೆಗೆ ಊರಿನಲ್ಲಿ ಎಷ್ಟು ತೂಕವಿರುತ್ತದೆಂಬುದನ್ನು ನಾನು ಆ ತನಕ ಆಲೋಚಿಸಿಯೇ ಇರಲಿಲ್ಲ.

ಏಪ್ರಿಲ್ ತಿಂಗಳಲ್ಲಿ ನಾನು ಸಂತೆಯಿಂದ ಕೆಂಪು ಹುಂಜವೊಂದನ್ನು ಕೊಂಡು ತಂದೆ. ಹೊಸ ಕೋಳಿಯನ್ನು ಎರಡು ಮೂರು ವಾರ ಪ್ರತ್ಯೇಕವಾಗಿ ಇರಿಸತಕ್ಕದ್ದೆಂಬ ಸಾಮಾನ್ಯ ನಿಯಮವನ್ನೂ ಪಾಲಿಸದೆ, ಅಂದು ಸಂಜೆಯೇ ಗೂಡಿಗೆ ಬಿಟ್ಟೆ. ಐದನೆಯ ದಿನ ಅದು ರೆಕ್ಕೆ ಜೋಲುಬಿಟ್ಟು, ಬಾಯಿ ತೆರೆದು ಉಸಿರೆಳೆಯುತ್ತಾ ಕೂತಿತು. ಹಿಕ್ಕೆ ಹಸಿರಾಗಿ ನೀರುನೀರಾಗಿತ್ತು. ಗುಳಿಗೆ ಅರೆದೆ, ನುಂಗಿಸಿದೆ. ಮರುದಿನ ಅದು ಸತ್ತಿತು. ವಾರ ಕಳೆಯುವುದರೊಳಗೆ ಉಳಿದವು ಒಂದೊಂದಾಗಿ ಮುದುಡಿದವು. ಕೆಲವು ಕತ್ತನ್ನು ಬೆನ್ನಿನ ಮೇಲಕ್ಕೆ ತಿರುಚಿ ಸುತ್ತು ಸುತ್ತು ತಿರುಗಿ ಬಿದ್ದವು. ನಾನು ಹಗಲಿರುಳು ಅರೆಯುವ ಕಲ್ಲಿನ ಮುಂದೆ ಕುಳಿತಿದ್ದೆ. ಹದಿನೇಳರಲ್ಲಿ ಹದಿನಾಲ್ಕು ಹೋದವು. ನನ್ನ ಅಂಗಳದಲ್ಲಿ ಓಡಾಡಿದ ಚಪ್ಪಲಿಯಲ್ಲೇ ನಾನು ಅಕ್ಕನ ಕೋಳಿಗಳಿಗೂ ಮದ್ದು ಕೊಡಲು ಹೋಗಿದ್ದೆ. ಅವರ ಹನ್ನೆರಡರಲ್ಲಿ ಹನ್ನೊಂದು ಹೋದವು.

ಪಶುವೈದ್ಯರು ಸತ್ತ ಕೋಳಿಯನ್ನು ಕೊಯ್ದು ನೋಡಿ, ಕೊಕ್ಕರೆ ರೋಗವೆಂದರು. ಇಂಗ್ಲಿಷಿನವರು ಇದನ್ನು ನ್ಯೂಕ್ಯಾಸಲ್ ರೋಗವೆನ್ನುತ್ತಾರೆ. ನಮ್ಮ ದೇಶದಲ್ಲಿ ರಾಣಿಖೇತ್ ರೋಗವೆಂದು ಪ್ರಸಿದ್ಧಿ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿಯೂ, ಐಕ್‌ಮನ್‌ನ ಕೋಳಿಗಳಿದ್ದ ಅದೇ ಜಾವಾದಲ್ಲಿಯೂ ಇದನ್ನು ಗುರುತಿಸಿದರು. ಸ್ವಲ್ಪ ಕಾಲದಲ್ಲೇ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಿತು. ಇದರ ಕಾರಣ ವೈರಾಣು. ಹಿಕ್ಕೆ, ಉಸಿರು, ಮಂಕರಿ, ಪಾದರಕ್ಷೆ, ಯಾವುದರ ಮೂಲಕವಾದರೂ ಬರುತ್ತದೆ. ಲಸಿಕೆ ಕಾಣದ ಹಿಂಡಿಗೆ ಉಗ್ರರೂಪದಲ್ಲಿ ಹೊಕ್ಕರೆ ಹಿಂಡನ್ನೇ ಒಯ್ಯಬಹುದು. ಒಮ್ಮೆ ಹಿಡಿದ ಮೇಲೆ ಇದಕ್ಕೆ ಚಿಕಿತ್ಸೆಯಿಲ್ಲ. ನಾನು ಭಯಪಡುತ್ತಿದ್ದ ಜೀವಾಣುನಾಶಕಗಳೂ ವೈರಾಣುವಿನ ಮುಂದೆ ನನ್ನ ಗುಳಿಗೆಗಳಷ್ಟೇ ನಿಷ್ಫಲ. ಹಕ್ಕಿಜ್ವರವೂ ನೋಡುವುದಕ್ಕೆ ಹೀಗೆಯೇ ಇರಬಹುದಾದುದರಿಂದ, ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಪಶುಚಿಕಿತ್ಸಾಲಯಕ್ಕೆ ತಿಳಿಸಲೇಬೇಕು. ಸತ್ತವನ್ನು ಹೊಳೆಗೆ ಎಸೆಯಕೂಡದು, ಮಾರಕೂಡದು. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಬೇಕು. ನಾನು ಮುಚ್ಚಿದೆ. ಅಕ್ಕನವುಗಳಿಗೂ ನಾನೇ ಗುಂಡಿ ತೋಡಿದೆ.

ಅಂದು ಸಂಜೆ ಅವರ ಜಗಲಿಯಲ್ಲಿ ಕುಳಿತು, ನನ್ನಿಂದ ಹೀಗಾಯಿತು ಎಂದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ ಅಂದರು: 'ನಿಮ್ಮ ಮದ್ದು ಸುಳ್ಳಲ್ಲ, ಮೇಷ್ಟ್ರೇ. ನಮ್ಮವ್ವನೂ ಇದನ್ನೇ ಅರೀತಿದ್ಲು. ಆದ್ರೆ ಕತ್ತು ತಿರುಗಿದ ಕೋಳಿಗೆ ಅವಳು ಯಾವ ಮದ್ದನ್ನೂ ಹಾಕ್ತಿರಲಿಲ್ಲ. ಅದಕ್ಕೆ ಮದ್ದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಮಿಕ್ಕ ಮರಿಗಳನ್ನ ಹೊಳೆ ದಾಟಿಸಿ ಚಿಕ್ಕಮ್ಮನ ಮನೆಗೆ ಕಳಿಸಿಬಿಡ್ತಿದ್ಲು.'

ಶ್ರೋತೃಗಳೆ, ಮರಿಗಳನ್ನು ಹೊಳೆ ದಾಟಿಸುವುದು ಸರಿಯಾದ ಉಪಾಯವಲ್ಲ. ರೋಗ ಅವುಗಳ ಮೈಯಲ್ಲಿ ಅಡಗಿದ್ದರೆ ಚಿಕ್ಕಮ್ಮನ ಮನೆಗೂ ಹೋಗುತ್ತದೆ. ಆದರೆ ಆ ಅಕ್ಷರವರಿಯದ ತಾಯಿಗೆ ತಿಳಿದಿದ್ದುದೊಂದು ನನಗೆ ತಿಳಿದಿರಲಿಲ್ಲ. ಆಕೆಗೆ ತನ್ನ ಮದ್ದಿನ ಎಲ್ಲೆ ತಿಳಿದಿತ್ತು. ನಾನು ನೋಟುಪುಸ್ತಕಕ್ಕೆ ಇಳಿಸಿಕೊಂಡದ್ದು ಯಾವ ರೋಗಕ್ಕೆ ಯಾವ ಸೊಪ್ಪು ಎಂಬುದನ್ನು ಮಾತ್ರ. ಯಾವುದಕ್ಕೆ ಏನೂ ಇಲ್ಲ ಎಂಬುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪರಂಪರೆಯನ್ನು ಹೊಗಳುವ ಭರದಲ್ಲಿ ಅದರ ವಿವೇಕವನ್ನೇ ಕೈಬಿಟ್ಟವನು ನಾನು. ಮನೆಮದ್ದನ್ನು ನಿಜವಾಗಿ ಗೌರವಿಸುವವರು ಅದನ್ನು ಪರೀಕ್ಷೆಗೆ ಒಡ್ಡುತ್ತಾರೆ. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾನಿಲಯದವರು ತಂಜಾವೂರಿನಲ್ಲಿ ಇಂಥ ಮದ್ದುಗಳನ್ನು ಸಂಗ್ರಹಿಸಿ ಅಭ್ಯಾಸ ಮಾಡಿದ್ದಾರೆ. ಹಸುವಿನ ಕೆಚ್ಚಲುಬಾವಿಗೆ ಲೋಳೆಸರ, ಅರಿಶಿನ, ಸುಣ್ಣಗಳ ಲೇಪವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡಿದೆ. ಹೊಟ್ಟೆಹುಳುವಿಗೆ ಬೆಳ್ಳುಳ್ಳಿ ಸಾಕೆಂಬ ಮಾತಾದರೋ ಪರೀಕ್ಷೆಗಳಲ್ಲಿ ಸ್ಥಿರವಾಗಿ ನಿಂತಿಲ್ಲ. ಹೀಗೆ ಒಂದೊಂದನ್ನೂ ತೂಗಿ ನೋಡುವುದೇ ದಾರಿ.

ಲಸಿಕೆಯನ್ನು ಕುರಿತು ಓದಿದಾಗ ನನ್ನ ನಾಚಿಕೆ ಇನ್ನಷ್ಟು ಹೆಚ್ಚಿತು. ಪ್ರಯೋಗಶಾಲೆಯಲ್ಲಿ ಲಸಿಕೆಯ ವಿದ್ಯೆ ಹುಟ್ಟಿದ್ದೂ ಕೋಳಿಗಳಿಂದಲೇ. 1879–80ರಲ್ಲಿ ಲೂಯಿ ಪಾಶ್ಚರ್, ಹಳತಾಗಿ ಸತ್ವಗುಂದಿದ ಕೋಳಿ ಕಾಲರಾ ರೋಗಾಣುವನ್ನು ಚುಚ್ಚಿದ ಕೋಳಿಗಳು, ಬಳಿಕ ಉಗ್ರ ರೋಗಾಣುವನ್ನು ಚುಚ್ಚಿದರೂ ಸಾಯದೆ ಉಳಿಯುವುದನ್ನು ಕಂಡ. ಕೊಕ್ಕರೆ ರೋಗದ ವಿಷಯದಲ್ಲಿ ಎಫ್ ಮತ್ತು ಲಸೋಟ ಎಂಬ ಲಸಿಕೆಯ ತಳಿಗಳು ಯಾರೋ ರಸಾಯನದಿಂದ ನಿರ್ಮಿಸಿದವಲ್ಲ. ವೈರಾಣುವಿನ ಸೌಮ್ಯ ರೂಪಗಳಾಗಿ ಪ್ರಕೃತಿಯಲ್ಲೇ ದೊರಕಿದವು. ದೊಡ್ಡ ಕೋಳಿಗಳಿಗೆ ಚುಚ್ಚುವ ಲಸಿಕೆ 1940ರ ದಶಕದಲ್ಲಿ ರೂಪುಗೊಂಡದ್ದು ಮುಕ್ತೇಶ್ವರದಲ್ಲಿ. ರಾಣಿಖೇತ್ ಇರುವ ಅದೇ ಕುಮಾವೂಂ ಬೆಟ್ಟಗಳಲ್ಲಿ. ಅದು ಮಾಡುವ ಕೆಲಸವಾದರೂ ಏನು? ಕೋಳಿಯ ಮೈಗೆ ಶತ್ರುವನ್ನು ಮೊದಲೇ ಪರಿಚಯಿಸಿ, ಎದುರಿಸುವ ಶಕ್ತಿಯನ್ನು ಆ ಮೈಯಲ್ಲೇ ಎಬ್ಬಿಸುವುದು. ಸಹಜ ಚಿಕಿತ್ಸೆಯೆಂಬ ಹೆಸರಿಗೆ ಇದಕ್ಕಿಂತ ತಕ್ಕುದು ಯಾವುದು?

ಹಾಗಾದರೆ ಹಿತ್ತಲ ಕೋಳಿಗಳಿಗೆ ಲಸಿಕೆ ಏಕೆ ಸಲ್ಲುತ್ತಿಲ್ಲ? ನನ್ನಂಥವರ ಹಟವೊಂದೇ ಕಾರಣವಲ್ಲ. ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಲಸಿಕೆಯಿರುತ್ತದೆ. ಎಂಟು ಕೋಳಿ ಸಾಕಿದವರು ಅದನ್ನು ಕೊಂಡು ಮಾಡುವುದೇನು? ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆದುದರಿಂದ ಇದು ಒಂಟಿಮನೆಯ ಕೆಲಸವಲ್ಲ, ಓಣಿಯ ಕೆಲಸ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಪೀಟರ್ ಸ್ಪ್ರಾಡ್‌ಬ್ರೋ ಎಂಬ ವಿದ್ವಾಂಸರು ಬಡ ಹಳ್ಳಿಗಳಿಗೆಂದೇ, ತಾಪವನ್ನು ಹೆಚ್ಚು ತಾಳಬಲ್ಲ ಲಸಿಕೆಯ ತಳಿಯನ್ನು ಸಿದ್ಧಪಡಿಸಿದರು. ಮೊಜಾಂಬಿಕ್, ತಾಂಜಾನಿಯಾಗಳ ಹಳ್ಳಿಗಳಲ್ಲಿ ಅದನ್ನು ಕಣ್ಣಿಗೆ 'ಒಂದು ತೊಟ್ಟು' ಹಾಕುವ ಕೆಲಸವನ್ನು ಊರಿನವರೇ, ಅದರಲ್ಲೂ ಹೆಂಗಸರು, ಕಲಿತು ಮಾಡಿದರು.

ನಮ್ಮ ಓಣಿಯಲ್ಲಿ ಆದದ್ದು ಇಷ್ಟು. ಗೂಡುಗಳನ್ನು ತೊಳೆದು ಸುಣ್ಣ ಬಳಿದು, ಹಳೆಯ ಹೊಟ್ಟನ್ನು ಸುಟ್ಟು, ಆ ಮಳೆಗಾಲವಿಡೀ ಕೋಳಿಯಿಲ್ಲದೆ ಬಿಟ್ಟೆವು. ಕೋಳಿಯ ಕೂಗಿಲ್ಲದ ಮಾದಾಪುರದ ಮಳೆಯ ಬೆಳಗು ಎಷ್ಟು ದೀರ್ಘವಾದುದೆಂದು ಆ ವರ್ಷ ತಿಳಿಯಿತು. ಮಳೆ ನಿಂತ ಮೇಲೆ ನಾನು ಮರಿಗಳನ್ನು ತಂದು ಅಕ್ಕನಿಗೆ ಹನ್ನೊಂದು ಕೊಡಹೋದೆ. ದಾನವಾದರೆ ಬೇಡವೆಂದರು. ಸಾಲವೆಂದೆ, ಅದೂ ಬೇಡವೆಂದರು. ತಪ್ಪುಕಾಣಿಕೆ ಎಂದಾಗ, 'ಹಾಗಾದ್ರೆ ಸೂಜಿಯವರನ್ನ ನೀವೇ ಹೋಗಿ ಕರೀಬೇಕು' ಎಂದು ಷರತ್ತು ಹಾಕಿದರು. ನಾನೇ ಹೋಗಿ ಕರೆದೆ. ಆರು ಮನೆಗಳವರು ಸೇರಿದೆವು. ಮರಿಗಳ ಮೊದಲ ವಾರದಲ್ಲಿ ಕಣ್ಣಿಗೆ ಒಂದು ತೊಟ್ಟು, ನಾಲ್ಕನೆಯ ವಾರಕ್ಕೆ ಮತ್ತೊಮ್ಮೆ, ಎರಡು ತಿಂಗಳು ತುಂಬಿದ ಮೇಲೆ ಚುಚ್ಚುಮದ್ದು; ದಿನ ಲೆಕ್ಕ ಮಾಡಿ ಗೋಡೆಯ ಮೇಲೆ ಬರೆದಿಡುವ ಕೆಲಸ ನನ್ನದು. ಉಳಿದಂತೆ ಬೂದಿ, ಲಕ್ಕಿಸೊಪ್ಪು, ಅರಿಶಿನ, ತವುಡು ಎಲ್ಲವೂ ಹಿಂದಿನಂತೆಯೇ ನಡೆದಿವೆ.

ಜನ್ನನ 'ಯಶೋಧರ ಚರಿತೆ'ಯನ್ನು ನಾನು ಅನೇಕ ವರ್ಷ ಪಾಠ ಹೇಳಿದವನು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ರಾಜನು ಜೀವಹಿಂಸೆಗೆ ಅಂಜಿ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕೊಂದದ್ದು ಹಿಟ್ಟನ್ನಾದರೂ ಸಂಕಲ್ಪ ಕೊಲೆಯದೇ ಆದುದರಿಂದ, ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ತೊಳಲಿ, ಕೋಳಿಗಳಾಗಿಯೂ ಹುಟ್ಟಿ ಸಾಯುತ್ತಾರೆ. ಸಂಕಲ್ಪಹಿಂಸೆಯ ಈ ಸೂಕ್ಷ್ಮವನ್ನು ನಾನು ತರಗತಿಯಲ್ಲಿ ಬಹಳ ಉತ್ಸಾಹದಿಂದ ವಿವರಿಸುತ್ತಿದ್ದೆ. ಇದರ ಇನ್ನೊಂದು ಮಗ್ಗುಲು ನನಗೆ ಕಂಡದ್ದು ಆ ಸುಣ್ಣದ ಗುಂಡಿಯ ಅಂಚಿನಲ್ಲಿ. ನನ್ನ ಸಂಕಲ್ಪದಲ್ಲಿ ಎಳ್ಳಷ್ಟೂ ಹಿಂಸೆಯಿರಲಿಲ್ಲ. ಕೋಳಿಗಳ ಮೈಗೆ ಸೂಜಿ ತಗುಲಬಾರದೆಂಬ ಕರುಣೆಯೇ ಇತ್ತು. ಆದರೂ ಇಪ್ಪತ್ತೈದು ಜೀವಗಳು ಹೋದವು; ಬೆಟ್ಟ ಜರಿದು ಎಲ್ಲವನ್ನೂ ಕಳೆದುಕೊಂಡಿದ್ದವರೊಬ್ಬರು ಮತ್ತೊಮ್ಮೆ ಬರಿಗೈಯಾದರು. ಮನಸ್ಸು ಶುದ್ಧವಾಗಿದ್ದರೆ ಸಾಲದು. ತಿಳಿಯಬೇಕಾದುದನ್ನು ತಿಳಿದುಕೊಳ್ಳದ ಕರುಣೆಯೂ ಕೊಲ್ಲಬಲ್ಲುದು.

ಹಿತ್ತಲ ಗಿಡ ಮದ್ದೇ ಹೌದು. ಯಾವುದಕ್ಕೆ ಮದ್ದು, ಯಾವುದಕ್ಕೆ ಅಲ್ಲ ಎಂಬುದನ್ನು ಹಿತ್ತಲಿನ ಹಿರಿಯರನ್ನೂ ಪಶುವೈದ್ಯರನ್ನೂ ಕೂಡಿಯೇ ಕೇಳಬೇಕು. ಈ ಮಾತುಗಳನ್ನು ಬರೆಯುತ್ತಿರುವ ಹೊತ್ತಿಗೆ ಬೇಲಿಯಾಚೆ ಅಕ್ಕನ ಹೇಟೆಯೊಂದು ಮೊಟ್ಟೆಯಿಟ್ಟು ಊರಿಗೆಲ್ಲ ಕೇಳುವಂತೆ ಕೂಗುತ್ತಿದೆ. ನಾಳೆ ಬೆಳಿಗ್ಗೆ ಆರು ಮನೆಗಳ ಕೋಳಿಗಳನ್ನು ಹಿಡಿದು ನಮ್ಮ ಅಂಗಳಕ್ಕೆ ತರುವವರಿದ್ದಾರೆ. ನಾನು ಬೆಳಕು ಹರಿಯುವ ಮುನ್ನ ಮಂಜುಗಡ್ಡೆಯ ಡಬ್ಬಿ ಹಿಡಿದು ಹೊರಡಬೇಕು.